ರಂಗೂನಿನಿಂದ ನಡೆದು ಬಂದ ನಮ್ಮತ್ತೆ

ನಮ್ಮತ್ತೆಯ ಎಡಗಾಲಿನ ಎರಡು ಬೆರಳುಗಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಕಡೆ ನುಣ್ಣಗಿನ, ಎಳೆಗೆಂಪು ಚರ್ಮವಷ್ಟೇ ಇತ್ತು. ಸಂಜೆ ಸ್ಕೂಲಿನಿಂದ ಬಂದವಳೇ ಬಿಸಿನೀರಿಗೆ ಉಪ್ಪು ಹಾಕಿ, ಅದರಲ್ಲಿ ಪಾದ ಅದ್ದಿಕೊಂಡು ಮಕ್ಕಳ ಕಾಪಿ ಪುಸ್ತಕಗಳನ್ನು ತಿದ್ದುತ್ತಿದ್ದಳು. ನೋಯುತ್ತಾ ಎಂದು ಕೇಳಿದರೆ, "ಕಾಲಿಗೇನೂ ಇಲ್ಲ ಕಣೇ" ಎನ್ನುತ್ತಿದ್ದಳು.

ಅವಳು ಅಪ್ಪನ ತಂಗಿ. ತಾತ ಮಾಲೂರಿನ ಚರ್ಚಿನಲ್ಲಿ ಉಪದೇಶಿಯಾಗಿದ್ದರು. ನಮ್ಮ ಹಿರಿಯರು ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯವರಾದ್ದರಿಂದ ಮನೆಯಲ್ಲಿ ಕನ್ನಡದಷ್ಟೇ ತೆಲುಗೂ ನಡೆಯುತ್ತಿತ್ತು. ರಂಗೂನಿನ ಬಂದರಿನಲ್ಲಿ ಮೂಟೆ ಹೊರುವ ತೆಲುಗು ಕೂಲಿಯವರ ಮಕ್ಕಳಿಗೆ ಪಾಠ ಹೇಳಲು ಮಿಷನ್ನಿನವರು ಒಬ್ಬ ಟೀಚರನ್ನು ಹುಡುಕುತ್ತಿದ್ದಾಗ ತಾತ ಮಗಳನ್ನು ಕೇಳದೆಯೇ ಒಪ್ಪಿಕೊಂಡುಬಂದರು. ಅತ್ತೆಗೆ ಆಗ ಇಪ್ಪತ್ತೆರಡು. ಹೋಗಲು ಅವಳಿಗೆ ಒಂದಿಷ್ಟೂ ಮನಸ್ಸಿರಲಿಲ್ಲವಂತೆ. "ಕರೆದಾಗ ಹೋಗ್ಬೇಕಮ್ಮ. ವಿಧೇಯತೆ ಅಂದ್ರೆ ಅದೇ" ಎಂದರು ತಾತ. ಅವಳು ಹೋದಳು.

ಅತ್ತೆ ಒಮ್ಮೆ ರಜೆಗೆ ಬಂದಿದ್ದಾಗ ನನಗೆ ಏಳು ವರ್ಷ. ಅವಳನ್ನು ಕಂಡರೆ ನಡುಗುತ್ತಿದ್ದೆ. "ನಾನು ಎರಡ್ನೇ ಸಲ ಹೇಳೋಳಲ್ಲ" ಎಂಬುದು ಅವಳ ಮಾತು. ರಂಗೂನಿನಲ್ಲಿ ತನ್ನ ಸ್ಕೂಲಿನ ಮಕ್ಕಳು, ತಾನು ಕೂರು ಎಂದರೆ ಕೂರುತ್ತಾರೆ, ಏಳು ಎನ್ನುವವರೆಗೆ ಅಲುಗುವುದಿಲ್ಲ ಎಂದು ತಾತನಿಗೆ ಹೇಳುತ್ತಿದ್ದಳು. ತಾತನ ಮುಖ ಅರಳುತ್ತಿತ್ತು.

ಆಮೇಲೆ ಯುದ್ಧ ಬಂತು. ರಂಗೂನಿನ ಮೇಲೆ ಬಾಂಬು ಬಿತ್ತೆಂದು ಸ್ಟೇಷನ್ ಮಾಸ್ತರರು ಪೇಪರ್ ಓದಿ ಹೇಳಿದ ದಿನದಿಂದ ಅತ್ತೆಯ ಕಾಗದ ನಿಂತುಹೋಯಿತು. ತಾತ ದಿನವೂ ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಮದರಾಸಿನ ರೈಲು ನೋಡಲು ಹೋಗುತ್ತಿದ್ದರು. ಇಳಿದವರೆಲ್ಲ ಹೊರಗೆ ಹೋದ ಮೇಲೂ ಅವರು ನನ್ನ ಕೈ ಬಿಡುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ನಿಂತಿರುತ್ತಿದ್ದಳು. ನಾವಿಬ್ಬರೇ ಬರುವುದನ್ನು ಕಂಡು ಒಳಗೆ ಹೋಗಿಬಿಡುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ಅತ್ತೆ ರೈಲಿನಿಂದ ಇಳಿದಳು. ನಾನು ಗುರುತಿಸಲಿಲ್ಲ. ತಲೆ ಬೋಳಿಸಿತ್ತು, ಕಾಲಿಗೆ ಗೋಣಿಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಏಳೆಂಟು ವರ್ಷದ ಒಂದು ಹುಡುಗಿ ಅವಳ ಸೆರಗು ಹಿಡಿದು ನಿಂತಿದ್ದಳು. ಬರ್ಮಾದ ಗುಡ್ಡಕಾಡನ್ನು ನಡೆದೇ ದಾಟಿ, ಸ್ಟೀಮರ್ ಹತ್ತಿ, ಕಲ್ಕತ್ತೆಗೆ ಬಂದು ಅಲ್ಲಿಂದ ರೈಲು ಹಿಡಿದಿದ್ದರು. "ಇವಳ ಅಪ್ಪ ಸಿಗ್ಲಿಲ್ಲ. ಇನ್ಮೇಲೆ ನನ್ ಮಗಳು" ಎಂದಳು ಅತ್ತೆ. ಬೇರೇನೂ ಹೇಳಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತರೆ ನಮ್ಮೆಲ್ಲರ ತಲೆಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದಳು. ಯಾರಾದರೂ ಎದ್ದು ಹಿತ್ತಲಿಗೆ ಹೋದರೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು.

ತಾತನಿಗೆ ಮಗಳು ಬದುಕಿ ಬಂದದ್ದು ದೇವರ ಕೈಕೆಲಸವೆಂಬ ಬಗ್ಗೆ ಸಂಶಯವೇ ಇರಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ವಿಧೇಯತೆಯ ಮೇಲೆ ಪ್ರಸಂಗ ಮಾಡಿದರು. ಕೊನೆಗೆ, "ವಿಧೇಯಳಾಗಿ ಹೋದವಳನ್ನ ಕರ್ತನು ಹೇಗೆ ಕಾಪಾಡಿದ ಅಂತ ನನ್ನ ಮಗಳೇ ಹೇಳ್ತಾಳೆ" ಎಂದು ಅವಳನ್ನು ಕರೆದರು.

ಅತ್ತೆ ಎದ್ದು ನಿಂತಳು. ರಂಗೂನಿನ ಹುಡುಗಿ ಅವಳ ಪಕ್ಕದಲ್ಲೇ ಕೂತಿದ್ದಳು.

"ವಿಮಾನ ಬಂದಾಗ ಪಾಠ ನಡೀತಿತ್ತು" ಎಂದಳು. "ಅಲುಗ್ಬೇಡಿ ಅಂದೆ. ಈ ಹುಡುಗಿ ಒಬ್ಳು ಎದ್ದು ಹೊರಗೆ ಓಡಿದ್ಲು. ಯಾವತ್ತೂ ಹೇಳಿದ ಮಾತು ಕೇಳ್ದೇ ಇರೋಳು. ನಂಗೆ ಸಿಟ್ಟು ಬಂತು. ನಾನು ಬರೋತನಕ ಯಾರೂ ಏಳ್ಬೇಡಿ ಅಂತ ಹೇಳಿ, ಇವಳನ್ನ ಎಳ್ಕೊಂಡು ಬರೋಕೆ ಓಡ್ದೆ. ಮಿಕ್ಕೋರು ಹೆದರಿ ನನ್ನ ಹಿಂದೆನೇ ಓಡಿ ಬಂದ್ರು. ಮೋರಿ ಹತ್ರ ಬಿದ್ಕೊಂಡ್ವಿ. ತಿರುಗಿ ನೋಡಿದ್ರೆ ಸ್ಕೂಲಿನ ಸೂರೇ ಇರ್ಲಿಲ್ಲ."

ಅವಳು ಎರಡು ಬೆರಳು ಮಡಿಸಿದಳು.

"ಇಬ್ರು ಹೆಣ್ಮಕ್ಕಳು ಬರ್ಲಿಲ್ಲ. ಮೊದಲ್ನೇ ಸಾಲಿನವರು. ನಾನು ಹೇಳಿದ್ದನ್ನ ಒಂದಿನಾನೂ ಮೀರಿದವರಲ್ಲ. ಕೂತಿರಿ ಅಂದಿದ್ದೆ, ಕೂತಿದ್ರು." ತಾತನ ಕಡೆ ತಿರುಗಿದಳು. "ದೇವರಿಗೆ ವಿಧೇಯರಾಗೋದು ಬೇರೆ, ನಂಗೆ ಹೆದರೋದು ಬೇರೆ ಅಪ್ಪ. ನಾನು ಆ ಮಕ್ಕಳಿಗೆ ಎರಡೂ ಒಂದೇ ಅಂತ ಕಲಿಸ್ಬಿಟ್ಟೆ."

ತಾತ ಆಶೀರ್ವಾದ ಹೇಳುವುದನ್ನೂ ಮರೆತು ನಿಂತಿದ್ದರು. ಆಮೇಲೆ ಕೆಳಗಿಳಿದು ಬಂದು ಎಲ್ಲರ ಜೊತೆ ಚಾಪೆಯ ಮೇಲೆ ಕೂತರು.

ಅದಾದ ಮೇಲೆ ಮೂರು ವಾರ ಅಪ್ಪ ಮಗಳ ನಡುವೆ ಮಾತಿಲ್ಲ. ಅತ್ತೆ ಮನೆ ಬಿಟ್ಟು ಹೋಗುತ್ತಾಳೋ, ತಾತ ಹಾಸಿಗೆ ಹಿಡಿಯುತ್ತಾರೋ ಎಂದು ನಾವು ಹೆದರಿಕೊಂಡೇ ಓಡಾಡಿದೆವು. ಒಂದು ಬೆಳಿಗ್ಗೆ ತಾತ ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ಆ ಇಬ್ರು ಮಕ್ಕಳ ಹೆಸರೇನಮ್ಮ?" ಅತ್ತೆ ಹೇಳಿದಳು. ಅಂದಿನಿಂದ ಮನೆಯ ಸಂಜೆ ಪ್ರಾರ್ಥನೆಯಲ್ಲಿ ತಾತ ನಮ್ಮ ಹೆಸರುಗಳಿಗಿಂತ ಮುಂಚೆ ಆ ಎರಡು ಹೆಸರು ಹೇಳುತ್ತಿದ್ದರು.

ಕಾಲು ವಾಸಿಯಾದ ಮೇಲೆ ಅತ್ತೆ ಮುಳಬಾಗಿಲಿನ ಸ್ಕೂಲಿಗೆ ಸೇರಿದಳು. ಅಲ್ಲೇ ಓದಲು ನನ್ನನ್ನೂ ಆ ಹುಡುಗಿಯನ್ನೂ ಕರೆದುಕೊಂಡು ಹೋದಳು. ಹೊಸ ಮಕ್ಕಳು ಬಂದ ದಿನ ಮೊದಲು ಅಕ್ಷರ ಕಲಿಸುತ್ತಿರಲಿಲ್ಲ. ಎರಡು ಬಾಗಿಲು, ಒಂದು ಕಿಟಕಿ, ಹಿಂದಿನ ಗೋಡೆಯ ಸಂದು ಎಲ್ಲ ತೋರಿಸಿ ಓಡಿಸಿ ನೋಡುತ್ತಿದ್ದಳು. ಜೋರಾಗಿ ಗುಡುಗಿದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ನಮಗೆ ನಗು ಬರುತ್ತಿತ್ತು, ಆದರೆ ನಗುತ್ತಿರಲಿಲ್ಲ. ಯಾವ ಕೆಲಸ ಹೇಳಿದರೂ ಯಾಕೆ ಎಂದು ಮಕ್ಕಳು ಕೇಳಬಹುದಿತ್ತು.

ಹೆಡ್ ಮಾಸ್ತರರಿಗೆ ಇದು ಸರಿಬರಲಿಲ್ಲ. "ನಿಮ್ಮ ಕ್ಲಾಸಲ್ಲಿ ಶಿಸ್ತೇ ಇಲ್ವಲ್ಲಮ್ಮ" ಎಂದರು.

"ನನ್ನ ಮಾತು ಕೇಳ್ತಾರೆ ಸಾರ್. ಕೇಳಿ, ಯೋಚ್ನೆ ಮಾಡ್ತಾರೆ. ಅದಕ್ಕೆ ಸ್ವಲ್ಪ ಗಲಾಟೆ ಆಗುತ್ತೆ."

ಹಾಗಾದರೆ ವಿಧೇಯತೆ ಬೇಡವೇ ಎಂದು ನಾನೊಮ್ಮೆ ಕೇಳಿದ್ದೆ. "ಬೇಡ ಅಂತ ಎಲ್ಲಿ ಅಂದೆ? ನಂಗೆ ಅದಿಲ್ದೆ ಬದುಕೋಕೆ ಬರಲ್ಲ. ಆದ್ರೆ ಯಾರ ಮಾತಿಗೆ ತಲೆ ಬಗ್ಗಿಸ್ತಿದೀನಿ ಅಂತ ದಿನಾ ನೋಡ್ಕೋಬೇಕು ಕಣೇ. ಹೆದರಿಕೇನೂ ದೇವರ ದನೀಲೇ ಮಾತಾಡುತ್ತೆ" ಎಂದಳು.

ನನ್ನ ಟೀಚರ್ ಟ್ರೇನಿಂಗ್ ಮುಗಿದಾಗ ರಾಯಲ್ಪಾಡಿನ ಹೊಸ ಸ್ಕೂಲಿಗೆ ನನ್ನನ್ನು ಕೇಳಿ ಮಿಷನ್ನಿನವರಿಂದ ಕಾಗದ ಬಂತು. ಒಬ್ಬಳೇ ಇರಬೇಕು. ಆ ವರ್ಷ ಅಲ್ಲಿ ಕಾಲರಾ ಬೇರೆ. ತಾತ ಕಾಗದ ಓದಿ ಮಡಿಸಿ ನನ್ನ ಕೈಗೆ ಕೊಟ್ಟರು. ಅವರ ಪಕ್ಕದಲ್ಲಿ, ರಜೆಗೆ ಬಂದಿದ್ದ ಅತ್ತೆ ನಿಂತಿದ್ದಳು.

"ಹೋಗ್ತೀಯೇನಮ್ಮ?" ಎಂದರು ತಾತ.

"ಅವಳು ಯೋಚ್ನೆ ಮಾಡ್ಲಿ ಅಪ್ಪ" ಎಂದಳು ಅತ್ತೆ. ಮೂರು ದಿನ ನನಗೆ ಊಟ ಸೇರಲಿಲ್ಲ, ಪ್ರಾರ್ಥನೆಯೂ ನೆಟ್ಟಗೆ ಆಗಲಿಲ್ಲ. ಆ ಮೂರು ದಿನವೂ ಮನೆಯಲ್ಲಿ ಒಬ್ಬರೂ ಆ ಮಾತು ಎತ್ತಲಿಲ್ಲ. ನಾಲ್ಕನೆಯ ಬೆಳಿಗ್ಗೆ ನಾನೇ ಹೋಗಿ, "ಹೋಗ್ತೀನಿ ತಾತ" ಎಂದೆ. ಹೆದರಿಕೆ ಹೋಗಿರಲಿಲ್ಲ. ಹೋಗಬೇಕೆಂದು ಮಾತ್ರ ಗೊತ್ತಾಗಿತ್ತು.

ರಾಯಲ್ಪಾಡಿನಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದೆ. ಅತ್ತೆ ಕೋಲಾರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಾನು ಹೋಗುವಷ್ಟರಲ್ಲಿ ಅವಳ ಮಗಳು ಎಲ್ಲ ಮುಗಿಸಿದ್ದಳು. ಯೋಚಿಸಲು ಅವಳು ನನಗೆ ಕೊಡಿಸಿದ ಆ ಮೂರು ದಿನಗಳ ಬಗ್ಗೆ ಅತ್ತೆಗೆ ನಾನು ಎಂದೂ ಏನೂ ಹೇಳಿರಲಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಅವಳಿಗೆ ಯಾರೂ ಒಂದು ದಿನವನ್ನೂ ಕೊಟ್ಟಿರಲಿಲ್ಲ.