ಬಿಚ್ಚುವ ಮೊದಲು ನೋಡುವ ನಜಮುನ್ನಿಸಾ

ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜವಳದ ಪತ್ರಿಕೆ, ಜಾತಿ ಪ್ರಮಾಣಪತ್ರದ ಅರ್ಜಿ, ಇವೇ ನನ್ನ ಸಾಹಿತ್ಯ ಸೇವೆ. ಪಕ್ಕದ ಅಂಗಡಿ ನಜಮುನ್ನಿಸಾಳದು. ಬೋರ್ಡಿನ ಮೇಲೆ ಕಂಪ್ಯೂಟರ್ ರಿಪೇರಿ ಎಂದು ಬರೆದಿದ್ದರೂ ಒಳಗೆ ಹೋದರೆ ಅರ್ಧ ಅಂಗಡಿ ತಾಮ್ರದ ತಂತಿಯೇ. ಹತ್ತೊಂಬತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ, ಒಂದೇ ತಕರಾರು: ಆಕೆ ಯಾವ ಕೆಲಸವನ್ನೂ ಬೇಗ ಮಾಡುವುದಿಲ್ಲ. ನನ್ನ ಪ್ರಿಂಟರ್ ಕೆಟ್ಟು ಗಿರಾಕಿಗಳು ಬಾಗಿಲಲ್ಲಿ ನಿಂತು ಬಯ್ಯುತ್ತಿದ್ದರೂ ಅದರ ಮುಂದೆ ಅರ್ಧ ತಾಸು ಸುಮ್ಮನೆ ಕೂತು ನೋಡುತ್ತಾಳೆ. ಮೈ ಉರಿಯುತ್ತದೆ.

ಈ ಚಟ ಅವಳಪ್ಪ ಪೀರಸಾಬರಿಂದ ಬಂದದ್ದು. ಭೀಮಾ ದಂಡೆಯ ಊರುಗಳಿಂದ ಸುಟ್ಟ ಪಂಪ್‌ಸೆಟ್ ಮೋಟಾರುಗಳು ಅವರ ಹತ್ತಿರ ರಿವೈಂಡಿಂಗಿಗೆ ಬರುತ್ತಿದ್ದವು. ಬೇರೆಯವರು ಸುಟ್ಟ ತಂತಿಯನ್ನು ಉಳಿಯಿಂದ ಕಡಿದು ಎಸೆಯುತ್ತಿದ್ದರು. ಪೀರಸಾಬರು ಮಾತ್ರ ಎಂಟು ವರ್ಷದ ಮಗಳನ್ನು ಮೋಟಾರಿನ ಮುಂದೆ ಕೂರಿಸಿ, ಎಷ್ಟು ಸುತ್ತು ಇದೆ, ಯಾವ ಕಡೆಯಿಂದ ಸುತ್ತಿದ್ದಾರೆ ಎಂದು ಪಾಟಿಯ ಮೇಲೆ ಬರೆಸುತ್ತಿದ್ದರು. "ಬಿಚ್ಚೋಕಿಂತ ಮೊದ್ಲ ನೋಡಬೇ. ಬಿಚ್ಚಿದ ಮ್ಯಾಲ ಯಾರನ್ನ ಕೇಳ್ತಿ?" ಎನ್ನುತ್ತಿದ್ದರಂತೆ.

ಜೇವರ್ಗಿಗೆ ಮದುವೆಯಾಗಿ ಹೋದ ಮೊದಲ ವಾರದಲ್ಲೇ ಅವಳು ಅತ್ತೆಯ ಮಿಕ್ಸರ್ ಬಿಚ್ಚಿದಳು. ಅದು ಕೆಟ್ಟಿರಲಿಲ್ಲ. ಮೂರನೇ ಗುಂಡಿ ಒತ್ತಿದಾಗ ಸದ್ದು ಯಾಕೆ ಬದಲಾಗುತ್ತದೆ ಎಂದು ತಿಳಿಯಬೇಕಿತ್ತು, ಅಷ್ಟೇ. ಅತ್ತೆ ಹಮೀದಾಬೇಗಂ ಮನೆಯ ಮಾಡು ಹಾರಿಹೋಗುವಂತೆ ಕೂಗಾಡಿದರಂತೆ. ಸಂಜೆ ಮಿಕ್ಸರ್ ಮೊದಲಿಗಿಂತ ಚೆನ್ನಾಗಿ ತಿರುಗಿದ್ದು ನೋಡಿ, ಮರುದಿನ ಓಣಿಯ ಮಿಕ್ಸರುಗಳನ್ನೆಲ್ಲ ಅವರೇ ಹೊತ್ತು ತಂದರು. ಮುಂದೆ ಪೀರಸಾಬರ ಕೈ ನಡುಗತೊಡಗಿದಾಗ ಗಂಡನನ್ನೂ ಕರೆದುಕೊಂಡು ಅಫಜಲಪುರಕ್ಕೆ ಬಂದು ಅಂಗಡಿ ಹಿಡಿದಳು. ಮೋಟಾರಿನಿಂದ ಕಂಪ್ಯೂಟರಿಗೆ ಹೇಗೆ ದಾಟಿದೆ ಎಂದು ಕೇಳಿದರೆ, "ಅದೂ ಬಿಚ್ಚೂದ, ಇದೂ ಬಿಚ್ಚೂದ" ಎಂದು ನಗುತ್ತಾಳೆ.

ಕಳೆದ ಮಹಾನವಮಿ ಮುಗಿದ ಮೂರನೇ ದಿನ, ಶುಕ್ರವಾರ ಮುಂಜಾನೆ, ಫೋಟೋ ಸ್ಟುಡಿಯೋದ ವಿಜಯಶ್ರೀ ಆಟೋದಲ್ಲಿ ದೊಡ್ಡ ಕಂಪ್ಯೂಟರ್ ಡಬ್ಬಿಯೊಂದನ್ನು ಹಾಕಿಕೊಂಡು ಬಂದಳು. ಸ್ಟುಡಿಯೋದ ಯಜಮಾನ ವಿಶ್ವಾರಾಧ್ಯರು ಕಣ್ಣಿನ ಆಪರೇಶನ್ನಿಗೆ ಕಲಬುರಗಿಗೆ ಹೋಗಿದ್ದರು, ಅಂಗಡಿ ಆಕೆಯ ಕೈಯಲ್ಲಿತ್ತು. ಅವಳ ಹಿಂದೆಯೇ ಮಣ್ಣೂರಿನ ಅಮೋಘಸಿದ್ದ ಇಳಿದ. ನಡುವಯಸ್ಸಿನ ಗಟ್ಟಿ ಆಳು, ತಲೆ ಬೋಳಿಸಿಕೊಂಡಿದ್ದ.

ಅವನ ತಾಯಿ ಬಾಳಮ್ಮ ತೀರಿಕೊಂಡು ಒಂದು ವಾರವಾಗಿತ್ತು. ಸೋಮವಾರ ಕಾರ್ಯ. ನಮ್ಮ ಕಡೆ ಕಾರ್ಯದ ದಿನ ಗೋಡೆಗೆ ಫೋಟೋ ಇಟ್ಟು ಮಾಲೆ ಹಾಕಬೇಕು. ಎಷ್ಟೋ ಮುದುಕ ಮುದುಕಿಯರದು ಒಂಟಿಯಾಗಿ ತೆಗೆಸಿದ ಫೋಟೋ ಇರುವುದಿಲ್ಲ. ಯಾರದೋ ಮದುವೆಯ ಫೋಟೋದ ಮೂಲೆಯಲ್ಲಿ ಸಿಕ್ಕ ಮುಖವನ್ನು ಸ್ಟುಡಿಯೋದವರು ತೆಗೆದು ದೊಡ್ಡದು ಮಾಡಿ ಕೊಡುತ್ತಾರೆ. ಬಾಳಮ್ಮ, ಯಾರಾದರೂ ಫೋಟೋಕ್ಕೆ ಮೊಬೈಲ್ ಎತ್ತಿದರೆ ಸೆರಗು ಮುಂದೆ ಎಳೆದುಕೊಳ್ಳುವ ಹೆಂಗಸು. ಆಧಾರ್ ಕಾರ್ಡಿನ ಫೋಟೋ ನೋಡಿ ಮೊಮ್ಮಕ್ಕಳು ಇದು ಅಜ್ಜಿ ಅಲ್ಲವೇ ಅಲ್ಲ ಎಂದಿದ್ದರು. ಹನ್ನೊಂದು ವರ್ಷದ ಹಿಂದೆ ತಮ್ಮನ ಮಗಳ ಮದುವೆಯಲ್ಲಿ ಹುಗ್ಗಿ ಬಡಿಸುವಾಗ ಮಾತ್ರ ಎರಡೂ ಕೈ ಕೆಲಸದಲ್ಲಿದ್ದವು, ಸೆರಗು ಎಳೆಯಲು ಆಗಿರಲಿಲ್ಲ. ಆ ಒಂದು ಫೋಟೋ ಈ ಡಬ್ಬಿಯಲ್ಲಿತ್ತು. ಆ ಮದುವೆಯವರ ಆಲ್ಬಮ್ ಹೊಳೆ ಬಂದಾಗ ನೀರಿನಲ್ಲಿ ಹೋಗಿತ್ತು.

"ಚಾಲೂ ಮಾಡಿದ್ರ ಬರೇ ಪೀಂ ಪೀಂ ಅಂತ ಒದರ್ತದ್ರಿ ಆಪಾ," ಎಂದಳು ವಿಜಯಶ್ರೀ. ನಜಮುನ್ನಿಸಾ ಅವಳಿಗೆ ಆಪಾ, ಅಂದರೆ ಅಕ್ಕ. ಅವಳ ಮುಖ ಸುಣ್ಣ ಬಳಿದಂತಿತ್ತು.

ಡಬ್ಬಿಯೊಳಗೆ ನಾಲ್ಕು ಗೂಡು, ಗೂಡಿಗೊಂದು ಡಿಸ್ಕ್. ಅವುಗಳ ಮೇಲ್ವಿಚಾರಣೆಗೆ ಒಂದು ಹಳೆಯ ರೇಡ್ ಕಾರ್ಡು. ಆ ಕಾರ್ಡು ಪ್ರತಿ ಫೋಟೋವನ್ನೂ ತುಂಡು ಮಾಡಿ ನಾಲ್ಕು ಡಿಸ್ಕಿಗೂ ಹಂಚುತ್ತದೆ. ಒಂದು ಡಿಸ್ಕ್ ಸತ್ತರೆ ಉಳಿದ ಮೂರರಿಂದ ಅದರ ಪಾಲನ್ನು ಮತ್ತೆ ಹುಟ್ಟಿಸುತ್ತದೆ. ಭಾರಿ ಜಾಣ ವ್ಯವಸ್ಥೆ. ಆದರೆ ಆ ಹೊತ್ತಿಗೆ ಪರದೆಯ ಮೇಲೆ ಕಾರ್ಡು ಹೇಳುತ್ತಿದ್ದದ್ದು ಇಷ್ಟೇ: ಡಿಸ್ಕ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ, ಹೊಸದಾಗಿ ಜೋಡಿಸಲೇ?

"ಕೇಳಾಕತ್ತದಲ್ಲ, ಹೂಂ ಅಂತ ಒತ್ತಿಬಿಡು," ಎಂದು ನಾನು ಬೆರಳು ಮುಂದೆ ಮಾಡಿದೆ. ನಜಮುನ್ನಿಸಾ ಸ್ಕ್ರೂಡ್ರೈವರಿನ ಹಿಡಿಯಿಂದ ನನ್ನ ಬೆರಳಿಗೆ ಒಂದು ಬಿಟ್ಟಳು.

"ಹೊಸದಾಗಿ ಅಂದ್ರ ಹಳೇದು ಅಳಿಸಿ ಅಂತ, ಜಗದೇವಣ್ಣ. ಬಾಳಮ್ಮನ್ನ ಮತ್ತೊಮ್ಮಿ ಸಾಯಸ್ತೀರೇನು?"

ನಾನು ಬೆರಳು ಸವರಿಕೊಂಡು ಸ್ಟೂಲಿನ ಮೇಲೆ ಕೂತೆ. ಅಮೋಘಸಿದ್ದ ಬಾಗಿಲ ಹತ್ತಿರವೇ ನಿಂತಿದ್ದ. ಅವನ ಮುಂದೆ ಎಂಥ ಕೆಲಸ ಮಾಡಲು ಹೊರಟಿದ್ದೆ ಎಂದು ನನಗೇ ನಾಚಿಕೆಯಾಯಿತು.

ನಜಮುನ್ನಿಸಾ ಪೆನ್‌ಡ್ರೈವಿನಿಂದ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಚಾಲೂ ಮಾಡಿದಳು, ಡಿಸ್ಕಿಗೆ ಏನನ್ನೂ ಬರೆಯದೆ ಬರೀ ಓದುವುದಕ್ಕೆ. ಅದು ಒಂದು ಡಿಸ್ಕೂ ಇಲ್ಲ ಎಂದಿತು. ನಾವು ಗಾಬರಿಯಾದರೆ ಅವಳ ಕಣ್ಣು ಅರಳಿದವು. "ಅಲಲಾ! ಕಾರ್ಡ್ ಅದ, ನಾಲ್ಕೂ ಡಿಸ್ಕ್ ತಿರಗಾಕತ್ತಾವ. ಇದಕ್ಕ ಒಂದೂ ಕಾಣವಲ್ದು. ಯಾಕಿರಬೇಕು?"

ಆ 'ಯಾಕಿರಬೇಕು' ಎಂದರೆ ಮುಗಿಯಿತು. ಊಟದ ಡಬ್ಬಿ ಹಾಗೇ ಉಳಿಯುತ್ತದೆ.

ಅವಳು ನನಗೆ ಹೇಳಿದ್ದು ಹೀಗೆ. ಲಿನಕ್ಸಿಗೆ ಆ ಕಾರ್ಡಿನ ಮಾತು ನೇರವಾಗಿ ತಿಳಿಯುವುದಿಲ್ಲ. ನಡುವೆ ನಿಂತು ಇಬ್ಬರಿಗೂ ಹೇಳುವ ಸಣ್ಣ ಪ್ರೋಗ್ರಾಮು ಬೇಕು, ಅದೇ ಡ್ರೈವರ್. ಕಾರ್ಡು ಹಳೆಯದಾಯಿತೆಂದು ಹೊಸ ಲಿನಕ್ಸಿನಿಂದ ಅದರ ಡ್ರೈವರನ್ನು ತೆಗೆದುಬಿಟ್ಟಿದ್ದಾರೆ. ಹೇಳಿ ಮುಗಿಸಿ ಕಪಾಟಿನ ಮೇಲಿನ ಬಿಸ್ಕಿಟ್ ಡಬ್ಬಿ ಇಳಿಸಿದಳು. ಅದರಲ್ಲಿ ಹಳೆಯ ಸಿಡಿಗಳು. ಬಿಸಾಕು ಎಂದು ನಾನೇ ಹತ್ತು ಸಲ ಹೇಳಿದ್ದೆ. ನಾಲ್ಕನೇ ಸಿಡಿಯಲ್ಲಿದ್ದ ಹಳೆಯ ಲಿನಕ್ಸಿಗೆ ಆ ಕಾರ್ಡಿನ ಪರಿಚಯವಿತ್ತು. ಡ್ರೈವರ್ ಎದ್ದಿತು, ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಇಳಿದವು. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು: ಇಷ್ಟನೇ ಗೂಡು, ಇಂಥ ನಂಬರಿನ ಡಿಸ್ಕ್, ಆರೋಗ್ಯ ಸರಿ. ನಾಲ್ಕಕ್ಕೂ ಹಾಗೆಯೇ ಬಂತು.

"ಒಂದೂ ಕೆಟ್ಟಿಲ್ಲ! ಹಂಗಾದ್ರ ಹೊಂದವಲ್ದು ಯಾಕ?"

ಡ್ರೈವರ್ ಕೊಟ್ಟ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಯಂತ್ರ ಬಂದ್ ಮಾಡಿ, ತಾಳೆ ನೋಡಲು ಮೊದಲ ಡಿಸ್ಕನ್ನು ಹೊರಗೆ ಎಳೆದಳು. ಡಿಸ್ಕಿಗೆ ಅಂಟಿಸಿದ್ದ ನಂಬರಿನ ಪಟ್ಟಿಯ ಪಕ್ಕದಲ್ಲಿ ಒಂದು ಕುಂಕುಮದ ಬೊಟ್ಟು. ಎರಡನೆಯದರ ಮೇಲೂ ಬೊಟ್ಟು. ನಾಲ್ಕರ ಮೇಲೂ. ಅವಳು ಅವನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ ವಿಜಯಶ್ರೀಯನ್ನು ನೋಡಿದಳು.

ವಿಜಯಶ್ರೀ ಅಳಲು ಶುರು ಮಾಡಿದಳು. ಮಹಾನವಮಿಯ ಖಂಡೆ ಪೂಜೆಗೆ ನಮ್ಮಲ್ಲಿ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ದುಡಿಯುವುದನ್ನೆಲ್ಲ ತೊಳೆದು ಪೂಜೆ ಮಾಡುತ್ತೇವೆ. ಪ್ರತಿ ವರ್ಷ ವಿಶ್ವಾರಾಧ್ಯರು ಡಬ್ಬಿಯ ಹೊರಗೆ ಒಂದು ಬೊಟ್ಟು ಇಟ್ಟು ಮುಗಿಸುತ್ತಿದ್ದರು. ಈ ಸಲ ಇವಳಿಗೆ ಸಮಾಧಾನವಾಗಲಿಲ್ಲ. ದುಡಿಯುವುದು ಒಳಗಿರುವಾಗ ಹೊರಗಿನ ತಗಡಿಗೆ ಪೂಜೆ ಯಾಕೆ ಎಂದು ನಾಲ್ಕೂ ಡಿಸ್ಕ್ ಎಳೆದು, ಒಣ ಬಟ್ಟೆಯಿಂದ ಒರೆಸಿ, ಕುಂಕುಮ ಹಚ್ಚಿ ಮತ್ತೆ ಸೇರಿಸಿದ್ದಳು.

"ಡಬ್ಬಿ ಬಿಚ್ಚಬ್ಯಾಡ ಅಂತ ವಿಶ್ವಾರಾಧ್ಯ ಅಪ್ಪಾರು ಹೇಳಿದ್ರು. ನಾ ಭಕ್ತಿಲೇ ಮಾಡೀನ್ರಿ ಆಪಾ. ಯಾವುದು ಎಲ್ಲಿತ್ತು ಖರೇನ ನೆನಪಿಲ್ಲ."

ಕಾರ್ಡು ಹಳೆಯದು, ಮೊದಲ ಗೂಡಿನಲ್ಲಿ ಮೊದಲ ಡಿಸ್ಕೇ ಇದೆ ಎಂದು ನಂಬಿಕೊಂಡಂಥದ್ದು; ಡಿಸ್ಕ್‌ಗಳು ಅದಲುಬದಲಾದದ್ದಕ್ಕೇ ಗೊಂದಲಕ್ಕೆ ಬಿದ್ದಿತ್ತು. ನಾನಾಗಿದ್ದರೆ ಆ ಹುಡುಗಿಗೆ ನಾಲ್ಕು ಮಾತು ಆಡಿಬಿಡುತ್ತಿದ್ದೆ. ನಜಮುನ್ನಿಸಾ ಅವಳಿಗೆ ನೀರು ಕೊಟ್ಟು ಕೇಳಿದ್ದು ಒಂದೇ: "ಒರಸಿ ಎಲ್ಲಾ ಸೇರಿಸಿ ಹಚ್ಚಿದ್ಯೋ, ಒಂದೊಂದ ತಗದಂಗ ಹಚ್ಚಿದ್ಯೋ?"

"ಒಂದೊಂದ ತಗದಂಗ್ರಿ. ಎಡಗಡೆಯಿಂದ. ಹಚ್ಚಿ ತಟ್ಟ್ಯಾಗ ಇಟ್ಟೆ."

"ಹಂಗಾದ್ರ ನೀ ಬರದ ಇಟ್ಟೀ ಬೇ!"

ನಾನು ಬಗ್ಗಿ ನೋಡಿದೆ. ಹೌದು. ಕುಂಕುಮದಲ್ಲಿ ಅದ್ದಿದ ಬೆರಳಿನ ಮೊದಲ ಬೊಟ್ಟು ದಟ್ಟವಾಗಿರುತ್ತದೆ, ಮುಂದಿನದು ಸ್ವಲ್ಪ ತೆಳು, ಅದರ ಮುಂದಿನದು ಇನ್ನೂ ತೆಳು. ಆದರೆ ಇಲ್ಲಿ ಎರಡು ದಟ್ಟ ಬೊಟ್ಟುಗಳಿದ್ದವು: ಒಂದು ತೆಳು ಬೊಟ್ಟುಗಳಷ್ಟೇ ಅಗಲ, ಇನ್ನೊಂದು ಅವಕ್ಕಿಂತ ದೊಡ್ಡದು, ಒಂಟಿ. ಅಂದರೆ ಆಕೆ ನಡುವೆ ಇನ್ನೊಮ್ಮೆ ಅದ್ದಿದ್ದಾಳೆ. ದಟ್ಟ, ನಡುವಿನದು, ತೆಳು ಎಂದು ಮೂರು ಮುಗಿಸಿ ಮತ್ತೆ ಅದ್ದಿ ನಾಲ್ಕನೆಯದಕ್ಕೆ ಹಚ್ಚಿದಳೋ? ಇಲ್ಲವೇ ಒಂದಕ್ಕೆ ಹಚ್ಚಿದ ಮೇಲೆಯೇ ಎರಡನೇ ಸಲ ಅದ್ದಿ ಉಳಿದ ಮೂರಕ್ಕೆ ಹಚ್ಚಿದಳೋ? ಕೇಳಿದರೆ ವಿಜಯಶ್ರೀಗೆ ಅದೂ ನೆನಪಿಲ್ಲ.

ಶನಿವಾರ ಇಡೀ ದಿನ ನಾಲ್ಕೂ ಡಿಸ್ಕಿನ ನಕಲು ತೆಗೆಯುವುದರಲ್ಲಿ ಹೋಯಿತು. ಅಸಲಿನ ಮೇಲೆ ಯಾವ ಪ್ರಯೋಗವೂ ಬೇಡ ಎಂದು ನಜಮುನ್ನಿಸಾಳ ಹಟ. ಅಮೋಘಸಿದ್ದ ಊರಿಗೆ ಹೋಗಿ ಭಾನುವಾರ ಮತ್ತೆ ಬಂದ. ಕಾರ್ಯಕ್ಕೆ ಬೀಗರು ಬರತೊಡಗಿದ್ದಾರೆ, ಗೋಡೆಗೆ ಮೊಳೆ ಹೊಡೆದು ಬಂದಿದ್ದೇನೆ ಎಂದ.

ಮಧ್ಯಾಹ್ನ ನಕಲುಗಳನ್ನು ಮೊದಲ ಲೆಕ್ಕದಂತೆ, ದಟ್ಟ, ನಡುವಿನದು, ತೆಳು, ಕೊನೆಗೆ ಆ ಒಂಟಿ ದಟ್ಟ ಎಂದು ಜೋಡಿಸಿದಳು. ಮದುವೆಗಳ ಹೆಸರುಗಳು ಕಂಡವು. ವಿಜಯಶ್ರೀ ಹುಡುಕಿ ಆ ಫೋಟೋ ತೆರೆದಳು. ಮೇಲಿನಿಂದ ಸ್ವಲ್ಪ ಬಂತು: ಪೆಂಡಾಲಿನ ಬಟ್ಟೆ, ಹಣೆ, ವಿಭೂತಿ, ಎರಡು ಕಣ್ಣು. ಕೆಳಗೆ ಬರೀ ಬೂದು ಪಟ್ಟಿ.

"ಅವ್ವನ ಕಣ್ಣಽ ಅವ್ರಿ," ಎಂದ ಅಮೋಘಸಿದ್ದ. "ಇಷ್ಟಽ ಕೊಟ್ರೂ ಸಾಕ್ರಿ ಅಕ್ಕಾರ."

ನಜಮುನ್ನಿಸಾ ಮಾತ್ರ, "ಸಾಕಾಗಂಗಿಲ್ಲ, ಯಪ್ಪಾ," ಎಂದು ಹೇಳಿ ವಿಜಯಶ್ರೀಯ ಕಡೆ ತಿರುಗಿದಳು. "ಒಂದು ಬೊಟ್ಟು ಇಟ್ಟ ಮ್ಯಾಲ ಏನರೆ ಆತೇನು? ಯಾರರೆ ಕರದ್ರ? ಫೋನ್ ಬಂತ?"

ವಿಜಯಶ್ರೀ ಕಣ್ಣು ಮುಚ್ಚಿ ನಿಂತಳು. ಬಲಗೈ ಬೆರಳು ಗಾಳಿಯಲ್ಲಿ ಅದ್ದಿತು, ಹಚ್ಚಿತು, ನಿಂತಿತು. "ಫೋನ್ ಬಂತ್ರಿ! ಅಪ್ಪಾರದು, ದವಾಖಾನಿಯಿಂದ. ಪೂಜಿ ಆತೇನು ಅಂತ ಕೇಳಿದ್ರು. ಬೆರಳ ಒರಸಿಕೊಂಡು ಫೋನ್ ಎತ್ತಿದೆ."

ಹಾಗಾದರೆ ಒಂಟಿ ದಟ್ಟ ಬೊಟ್ಟಿನದೇ ಮೊದಲ ಡಿಸ್ಕು. ನಜಮುನ್ನಿಸಾ ಕೊನೆಯದನ್ನು ಮುಂದಕ್ಕೆ ತಂದು ಜೋಡಿಸಿ ಫೋಟೋ ತೆರೆದಳು. ಪೆಂಡಾಲು, ಹಣೆ, ಕಣ್ಣು, ಮೂಗಿನ ನತ್ತು, ಬಾಯಿ. ಕೈಯಲ್ಲಿ ಹುಗ್ಗಿಯ ಸೌಟು ಹಿಡಿದು ಬಾಳಮ್ಮ ಯಾರಿಗೋ ಬಯ್ಯುತ್ತ ನಗುತ್ತಿದ್ದಳು. ಅಮೋಘಸಿದ್ದ ಬೋಳು ತಲೆಯ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಅವನು ಅಳುತ್ತಿದ್ದದ್ದು ನಮಗೆಲ್ಲ ಕೇಳಿಸುತ್ತಿತ್ತು.

ಸಂಜೆಯ ಮಣ್ಣೂರು ಬಸ್ಸಿಗೆ ಕಟ್ಟು ಹಾಕಿದ ಫೋಟೋ ಹೋಯಿತು. ಸೌಟು ಕಾಣದಂತೆ ಬರೀ ಮುಖ ತೆಗೆಯಲೇ ಎಂದು ವಿಜಯಶ್ರೀ ಕೇಳಿದ್ದಕ್ಕೆ ಅವನು ಸೌಟೂ ಇರಲಿ ಎಂದಿದ್ದ.

ವಿಜಯಶ್ರೀ ತಾನೇ ವಿಶ್ವಾರಾಧ್ಯರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದಳು. ಅವರು ಬಯ್ದರು, ಬಯ್ದು ಬಾಳಮ್ಮನ ಫೋಟೋ ಬಂತೋ ಇಲ್ಲವೋ ಎಂದು ಕೇಳಿದರು. ಅವಳು ಫೋನಿಟ್ಟು, ನಕಲು ಡಿಸ್ಕ್‌ಗಳನ್ನು ಚೀಲಕ್ಕೆ ಹಾಕಿಕೊಂಡು, ಹೊಸ್ತಿಲ ಮೇಲೆ ನಿಂತು ಕೇಳಿದಳು.

"ಆಪಾ, ಮುಂದಿನ ವರ್ಷ ಒಳಗ ಪೂಜಿ ಮಾಡಬ್ಯಾಡೇನ್ರಿ?"

ನಜಮುನ್ನಿಸಾ ಡಿಸ್ಕ್‌ಗಳನ್ನು ಅವುಗಳ ಗೂಡಿಗೆ ಒಂದೊಂದಾಗಿ ಸೇರಿಸುತ್ತಿದ್ದಳು. ಬೊಟ್ಟುಗಳನ್ನು ಒರೆಸಿರಲಿಲ್ಲ.

"ಯಾಕ ಮಾಡಬ್ಯಾಡ? ಮಾಡು. ಆದ್ರ ಬೆರಳ ಒಂದ ಸಲ ಅದ್ದಬೇ."