ವರದಮ್ಮ ಅಕ್ಕೋರ ಹೆಸರು ಹೇಳದ ಆಟ

ಹಾಲುಗುಡ್ಡೆಯ ಶಾಲೆಯಲ್ಲಿ ವರದಮ್ಮ ಅಕ್ಕೋರನ್ನು ಸೋಲಿಸಿದ್ದು ಬೇರೆ ಯಾರೂ ಅಲ್ಲ, ದೇಶದ ದೊಡ್ಡ ದೊಡ್ಡ ನಾಯಕರೇ. ಮಗ್ಗಿ, ಕಾಪಿ, ಪದ್ಯ ಎಲ್ಲ ಹೇಗೋ ನಡೆದುಹೋಗುತ್ತಿತ್ತು. ಗಾಂಧೀಜಿ, ತಿಲಕರು, ಪಟೇಲರು ಎಂದು ಪಾಠ ಶುರುವಾದರೆ ಸಾಕು, ನಾಲ್ಕನೇ ಕ್ಲಾಸಿನ ಮಕ್ಕಳು ಕೂತಲ್ಲೇ ತೂಕಡಿಸುತ್ತಿದ್ದರು. ಮಕ್ಕಳದ್ದೇನೂ ತಪ್ಪಿಲ್ಲ ಬಿಡಿ. ಎಲ್ಲರೂ ಹುಟ್ಟಿದರು, ಓದಿದರು, ಜೈಲಿಗೆ ಹೋದರು, ತೀರಿಕೊಂಡರು. ಒಂದೇ ರಾಗದಲ್ಲಿ ಹೀಗೆ ಓದುತ್ತಾ ಹೋದರೆ ಯಾರಿಗಾದರೂ ನಿದ್ದೆ ಬರದೆ ಇನ್ನೇನು?

ಅಕ್ಕೋರು ತೀರ್ಥಹಳ್ಳಿ ಕಡೆಯ ಗೌಡರ ಮನೆಯ ಹುಡುಗಿ. ಟೀಚರ್ ಟ್ರೈನಿಂಗ್ ಮುಗಿಸಿ, ರಿಪ್ಪನ್‌ಪೇಟೆಯಿಂದ ಒಳಗಿರುವ ಈ ಊರಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಪ್ಪ ಹೂವಯ್ಯಗೌಡರು ಮಗಳನ್ನು ಬಸ್ಸು ಹತ್ತಿಸುವಾಗಲೇ ಗೆರೆ ಎಳೆದಿದ್ದರು. "ಬೇಸಿಗೆ ರಜದೊಳಗೆ ಖಾಯಂ ಆದ್ರೆ ಸರಿ. ಇಲ್ದಿದ್ರೆ ಗಂಟುಮೂಟೆ ಕಟ್ಕಂಡು ಬಂದು, ನಾನು ನೋಡಿದ ಗಂಡನ್ನ ಮದ್ವೆ ಆಗ್ಬೇಕು" ಎಂದಿದ್ದರು. ಮದುವೆಗೆ ಅಕ್ಕೋರದ್ದೇನೂ ತಕರಾರಿರಲಿಲ್ಲ. ಆದರೆ ಶಾಲೆ ಬಿಡಬೇಕು ಎಂದರೆ ಮಾತ್ರ ಅವರಿಗೆ ಅಳುವೇ ಬರುತ್ತಿತ್ತು.

ನೆಹರೂ ತೀರಿಕೊಂಡ ವರ್ಷ ಅದು. ದೀಪಾವಳಿ ಕಳೆದ ಮೇಲೆ ಸ್ಕೂಲ್ ಇನ್‌ಸ್ಪೆಕ್ಟರು ಬಂದರು. ಶಾಲೆಯಲ್ಲಿದ್ದ ಒಂದೇ ಒಂದು ಪಟದ ಕಡೆಗೆ ಬೆರಳು ತೋರಿಸಿ "ಇವರು ಯಾರು?" ಎಂದು ಕೇಳಿದರು. ಆ ಪಟವನ್ನು ಒರಲೆ ಮುಕ್ಕಾಲು ತಿಂದು ಮುಗಿಸಿತ್ತು. ಉಳಿದದ್ದು ಒಂದು ಕನ್ನಡಕ, ಅರ್ಧ ಕಿವಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಧೈರ್ಯ ಮಾಡಿ "ಹಳೇ ಮೇಷ್ಟ್ರು" ಎಂದ. ಇನ್‌ಸ್ಪೆಕ್ಟರು ನಗಲಿಲ್ಲ. "ಸಂಕ್ರಾಂತಿ ಕಳೆದ ಮೇಲೆ ಬರ್ತೇನಮ್ಮ. ಆಗಲೂ ಹೀಗೇ ಆದರೆ ಖಾಯಂ ಮಾಡಿ ಅಂತ ಬರೆಯೋದಕ್ಕೆ ನನ್ನಿಂದ ಆಗೋದಿಲ್ಲ" ಎಂದು ಸೈಕಲ್ ಹತ್ತಿದರು.

ಅಕ್ಕೋರು ತಲೆ ಮೇಲೆ ಕೈ ಹೊತ್ತು ಕುಳಿತರು. ಹೊಸ ಪಟ ಕಳಿಸಿ ಎಂದು ಇಲಾಖೆಗೆ ಬರೆದರೆ ಬರುವುದು ಯಾವ ಕಾಲಕ್ಕೋ. ಆಗ ನಾಲ್ಕನೇ ಕ್ಲಾಸಿನ ಗುತ್ಯಪ್ಪ "ನಮ್ಮಜ್ಜಿಗೆ ಚಿತ್ತಾರ ಬರೆಯಕ್ಕೆ ಬರ್ತದೆ ಅಕ್ಕೋರೆ" ಎಂದ.

ಗುತ್ಯಪ್ಪನ ಅಜ್ಜಿ ಕನ್ನಮ್ಮ. ದೀವರ ಕೇರಿಯ ಮದುವೆಮನೆಗಳಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಗೆರೆಗಳಲ್ಲಿ ಹಸೆ ಚಿತ್ತಾರ ಬರೆಯುವುದರಲ್ಲಿ ಎತ್ತಿದ ಕೈ. ಗಂಡ ತೀರಿಕೊಂಡ ಮೇಲೆ ಮಾತ್ರ ಅವಳು ಪುಂಡಿನಾರಿನ ಕುಂಚ ಮುಟ್ಟಿರಲಿಲ್ಲ. ಬೇಡ ಎಂದವರು ಯಾರೂ ಇರಲಿಲ್ಲ, ತಾನೇ ಹೋಗುತ್ತಿರಲಿಲ್ಲ. ಅಕ್ಕೋರು ಮನೆ ಬಾಗಿಲಿಗೆ ಬಂದು, ಶಾಲೆ ಗೋಡೆಗೆ ನಾಯಕರನ್ನು ಬರೆದುಕೊಡು ಎಂದು ಬೇಡಿಕೊಂಡಾಗ ಅವಳು ಸೆರಗಿನ ತುದಿ ತಿರುಚತೊಡಗಿದಳು.

"ಅಲ್ರಾ ಅಕ್ಕೋರೆ, ನಂಗೆ ಮಕ ಬರೆಯಕ್ಕೆ ಬರಲ್ಲ. ಹಸೆಯಾಗೆ ಕಣ್ಣು ಮೂಗು ಎಲ್ಲಿರ್ತದೆ?"

"ಮುಖ ಬೇಡ ಕನ್ನಮ್ಮ. ಹೇಗೆ ಬರ್ತದೋ ಹಾಗೇ ಬರಿ. ನನ್ನ ಕೆಲಸದ ಪ್ರಶ್ನೆ ಇದು."

ಕೆಲಸದ ಪ್ರಶ್ನೆ ಎಂದ ಮೇಲೆ ಕನ್ನಮ್ಮ ಒಪ್ಪಿಕೊಂಡಳು. ಮರುದಿನ ಬೆಳಿಗ್ಗೆಯೇ ಕೆಮ್ಮಣ್ಣಿನ ಬುಟ್ಟಿ ಹೊತ್ತು ಶಾಲೆಗೆ ಬಂದಳು. ಮಕ್ಕಳು ನೀರು ತಂದರು, ಹಿಟ್ಟು ಕದಡಿದರು. ಹಿಂದಿನ ಗೋಡೆ ಮಧ್ಯಾಹ್ನದೊಳಗೆ ಕೆಂಪಾಯಿತು. ಅದು ಒಣಗಿದ ಮೇಲೆ ಕುಂಚ ಎತ್ತಿಕೊಂಡವಳು ಹಾಗೇ ನಿಂತು, "ಗಾಂಧೀ ಅಜ್ಜನ ಹೆಂಡ್ತಿ ಯಾರು?" ಎಂದಳು.

"ಕಸ್ತೂರಬಾ. ಯಾಕೆ?"

"ಒಂಟಿ ಗೊಂಬೆ ನನ್ನ ಕೈಯಾಗೆ ಬರಲ್ಲ ಅಕ್ಕೋರೆ. ಬರೆದ್ರೆ ಜೋಡಿನೇ ಬರೆಯೋದು."

ಅಲ್ಲಿಗೆ ಹೊಸ ಫಜೀತಿ ಶುರುವಾಯಿತು. ಕಸ್ತೂರಬಾ, ಕಮಲಾ ನೆಹರೂ ಅಕ್ಕೋರಿಗೆ ಗೊತ್ತು. ತಿಲಕರ ಹೆಂಡತಿ? ಪಟೇಲರ ಹೆಂಡತಿ? ಅವರಿಗೂ ಹೆಂಡತಿಯರಿದ್ದರು ಎಂಬುದನ್ನೇ ಪಠ್ಯಪುಸ್ತಕ ಮರೆತುಬಿಟ್ಟಿತ್ತು. ಮಕ್ಕಳು ಕಂಡಕಂಡವರನ್ನೆಲ್ಲ ಕೇಳುತ್ತಾ ಹೋದರು. ಸುಭಾಷ್‌ಚಂದ್ರ ಬೋಸರಿಗೆ ಮದುವೆ ಆಗಿತ್ತೋ ಇಲ್ಲವೋ ಎಂದು ರಿಪ್ಪನ್‌ಪೇಟೆಯ ಅಂಗಡಿ ಕಟ್ಟೆಯ ಮೇಲೆ ಇಬ್ಬರು ದೊಡ್ಡ ಮನುಷ್ಯರು ಕೈಕೈ ಮಿಲಾಯಿಸುವುದೊಂದು ಬಾಕಿ. ಕನ್ನಮ್ಮನೇ ಅದನ್ನು ಬಗೆಹರಿಸಿದಳು: "ಹೆಂಡ್ತಿ ಗೊತ್ತಿಲ್ದಿದ್ರೆ ಅವ್ವ ಇರ್ತಾಳಲ್ಲ, ಪಕ್ಕದಾಗೆ ಅವಳನ್ನ ಕೂರಿಸಿದ್ರಾಯ್ತು!" ಅಕ್ಕೋರು ಒಂದು ಭಾನುವಾರ ಬಸ್ಸು ಹಿಡಿದು ಆನಂದಪುರಕ್ಕೆ ಹೋದರು. ಅಲ್ಲಿ ಉಮಾಮಹೇಶ್ವರಯ್ಯ ಎಂಬ ನಿವೃತ್ತ ಮೇಷ್ಟ್ರಿದ್ದರು, ಅವರ ಮನೆಯ ಅಟ್ಟದ ತುಂಬ ಹಳೆಯ ಪುಸ್ತಕಗಳು. ತಿಲಕರ ಹೆಂಡತಿ ಸತ್ಯಭಾಮಾಬಾಯಿ, ಪಟೇಲರ ಹೆಂಡತಿ ಝವೇರ್‌ಬಾ, ಬೋಸರ ತಾಯಿ ಪ್ರಭಾವತಿ, ಎಲ್ಲರೂ ಆ ಅಟ್ಟದಿಂದ ಇಳಿದು ಬಂದರು. ಅವರ ಕಥೆಗಳೂ ಬಂದವು.

ಗೋಡೆ ತುಂಬುತ್ತಾ ಬಂತು. ಎಲ್ಲ ಜೋಡಿಗಳಿಗೂ ಒಂದೇ ಥರದ ತಲೆ, ಒಂದೇ ಥರದ ಮುಕ್ಕೋನದ ಮೈ. ಗುರುತಿಗೆ ಒಬ್ಬರ ಬಳಿ ಚರಕ, ಒಬ್ಬರ ಬಳಿ ಪತ್ರಿಕೆ, ಒಬ್ಬರ ಬಳಿ ಗುಲಾಬಿ. ಮಕ್ಕಳು ಅದರ ಮುಂದೆ ಕೂತು ಕೈತೋರಿಸಿ ಹರಟುತ್ತಿದ್ದರು. ಒಂದು ದಿನ ಮಾಸ್ತಮ್ಮ ಬಾಯಿ ಬಿಟ್ಟಳು. ಅಲ್ಲಿಯವರೆಗೆ ಹಾಜರಿ ಬಿಟ್ಟರೆ ಬೇರೆ ಮಾತಾಡದ ಹುಡುಗಿ ಅದು.

"ಅಕ್ಕೋರೆ, ಕಸ್ತೂರಬಾ ಗಂಡನ ಹೆಸ್ರು ಹೇಳ್ತಿದ್ರಾ?"

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಆ ಊರಲ್ಲಿ ಯಾರಿದ್ದರು? ಅಕ್ಕೋರೂ ನಕ್ಕರು. ನಗುತ್ತಿದ್ದ ಹಾಗೇ ಅವರಿಗೆ ದಾರಿ ಹೊಳೆಯಿತು.

ಆಟ ಸುಲಭ. ಒಬ್ಬರು ತಲೆ ಮೇಲೆ ಸೆರಗು ಹೊದ್ದು ಎದುರಿಗೆ ಬರಬೇಕು. "ನಮ್ಮನೇರು" ಎಂದು ಶುರುಮಾಡಿ ಗಂಡನ ವಿಷಯ ಹೇಳಬೇಕು, ಹೆಸರು ಮಾತ್ರ ಎತ್ತಬಾರದು. ಅದು ಯಾರೆಂದು ಉಳಿದವರು ಹೇಳಬೇಕು. ಹೆಸರು ಬಾಯಿ ತಪ್ಪಿ ಬಂತೋ, ಆಟದಿಂದ ಹೊರಗೆ. ಹುಡುಗರೂ ಟವಲು ಹೊದ್ದು ಹೆಂಡತಿಯರಾದರು. ಅವರ ನಾಚಿಕೆ ನೋಡಿ ಹುಡುಗಿಯರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಆದರೆ ಗುತ್ಯಪ್ಪ ಝವೇರ್‌ಬಾ ಆಗಿ ಬಂದು, "ನಾನು ಸತ್ತ ಸುದ್ದಿ ತಂತಿಯಾಗೆ ಬಂದಾಗ ನಮ್ಮನೇರು ಕೋರ್ಟಿನಾಗೆ ವಾದ ಮಾಡ್ತಿದ್ರು. ಓದಿ ಕಿಸೆಗೆ ಹಾಕ್ಕಂಡು ವಾದ ಮುಗಿಸಿದ್ರು" ಎಂದಾಗ ಯಾರೂ ನಗಲಿಲ್ಲ. ಪಟೇಲರು ಮಾಡಿದ್ದು ಸರಿಯೋ ತಪ್ಪೋ ಎಂದು ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ಜಗಳ. ತೂಕಡಿಸುತ್ತಿದ್ದ ಮಕ್ಕಳು ಇವರೇನಾ ಎಂದು ಅಕ್ಕೋರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ.

ಸಂಕ್ರಾಂತಿ ಕಳೆಯಿತು. ಇನ್‌ಸ್ಪೆಕ್ಟರು ಹೇಳಿದ ಮಾತಿನಂತೆ ಬಂದರು. ಆಗ ಆಟ ನಡೆಯುತ್ತಿತ್ತು. ಮಾಸ್ತಮ್ಮ ಸೆರಗು ಹೊದ್ದು ನಿಂತಿದ್ದಳು. ಇನ್‌ಸ್ಪೆಕ್ಟರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಚರಕದ ಪಕ್ಕದ ಗಂಡು ಗೊಂಬೆಗೆ ಬೆತ್ತ ತಾಗಿಸಿ ಅವಳನ್ನೇ ಕೇಳಿದರು. "ಇವರು ಯಾರು?"

ಮಾಸ್ತಮ್ಮ ತಲೆ ತಗ್ಗಿಸಿದಳು.

"ಹೆಸರು ಹೇಳಮ್ಮ."

"ಹೇಳಬಾರ್ದು ಸಾರ್."

ಇನ್‌ಸ್ಪೆಕ್ಟರ ಹುಬ್ಬು ಗಂಟಿಕ್ಕಿತು. "ಗೊತ್ತಿಲ್ಲ ಅನ್ನು. ಮೊನ್ನೆಯೂ ಅದೇ ಕಥೆ, ಇವತ್ತೂ ಅದೇ ಕಥೆ" ಎಂದು ಅವರು ಪೆನ್ನು ತೆಗೆದರು. "ಅದು ಆಟ ಸಾರ್" ಎಂದು ಹೇಳಲು ಅಕ್ಕೋರು ಮುಂದೆ ಬಂದರು. ಅಷ್ಟರಲ್ಲಿ ಮಾಸ್ತಮ್ಮನಿಗೆ ಸಿಟ್ಟು ಬಂದಿತ್ತು. ಗೊತ್ತಿಲ್ಲ ಎನ್ನಿಸಿಕೊಳ್ಳುವುದು ಅವಳಿಗೆ ಆಗಲಿಲ್ಲ.

"ಗೊತ್ತದೆ ಸಾರ್! ನಮ್ಮನೇರು ಉಪ್ಪಿಗೋಸ್ಕರ ಸಮುದ್ರದವರೆಗೂ ನಡ್ಕಂಡೇ ಹೋದ್ರು. ನೂಲು ತೆಗೀತಿದ್ರು. ಸುಳ್ಳು ಹೇಳಿದ್ರೆ ಅವರಿಗೆ ಆಗ್ತಿರ್ಲಿಲ್ಲ. ನನ್ನ ಮೇಲೂ ಸಿಟ್ಟು ಮಾಡ್ಕಂತಿದ್ರು. ಬ್ರಿಟಿಷರು ಇಬ್ರನ್ನೂ ಒಂದೇ ಕಡೆ ಸೆರೆಯಾಗೆ ಇಟ್ರು. ನಾನು ಅಲ್ಲೇ ಸತ್ತೆ ಸಾರ್. ನಮ್ಮನೇರ ತೊಡೆ ಮೇಲೆ ತಲೆ ಇಟ್ಟು ಸತ್ತೆ."

ಇನ್‌ಸ್ಪೆಕ್ಟರು ಪೆನ್ನನ್ನು ಕೈಯಲ್ಲೇ ಹಿಡಿದು, ಆ ಪುಟ್ಟ ಹುಡುಗಿಯನ್ನು ನೋಡುತ್ತಾ ಉಳಿದರು.

"ಈಗ ಹೆಸ್ರು ನೀವು ಹೇಳ್ಬೇಕು ಸಾರ್" ಎಂದಳು ಮಾಸ್ತಮ್ಮ.

"ಮಹಾತ್ಮಾ ಗಾಂಧಿ" ಎಂದರು ಇನ್‌ಸ್ಪೆಕ್ಟರು, ಮೆಲ್ಲಗೆ, ಶಾಲೆ ಹುಡುಗನ ಹಾಗೆ. ಮಕ್ಕಳು ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರು ಸಂಜೆಯವರೆಗೂ ಹೋಗಲಿಲ್ಲ. ಪ್ರತಿ ಜೋಡಿಯ ಕಥೆ ಕೇಳಿದರು, ಒಂದೆರಡು ಹೆಸರು ತಾವೇ ತಪ್ಪು ಹೇಳಿ ನಗಿಸಿದರು. ಹೊರಡುವಾಗ, "ಖಾಯಂ ಮಾಡಿ ಅಂತ ಇವತ್ತೇ ಬರೀತೇನಮ್ಮ. ಈ ಗೋಡೆಗೆ ಸುಣ್ಣ ಹೊಡೆಸಬೇಡಿ" ಎಂದರು.

ವರದಮ್ಮ ಅಕ್ಕೋರು ನೆಟ್ಟಗೆ ಕನ್ನಮ್ಮನ ಮನೆಗೆ ಓಡಿದರು. ಸುದ್ದಿ ಹೇಳಿ, ಅವಳು ಬೇಡ ಬೇಡ ಎನ್ನುತ್ತಿದ್ದಂತೆಯೇ ಬಗ್ಗಿ ಕಾಲು ಮುಟ್ಟಿದರು. ಗೌಡರ ಮಗಳು, ಅದರಲ್ಲೂ ಅಕ್ಕೋರು, ದೀವರ ಮುದುಕಿಯ ಕಾಲು ಮುಟ್ಟಿದ್ದನ್ನು ಕೇರಿಯ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು. ಅಕ್ಕೋರಿಗೆ ಅದರ ಪರಿವೆ ಇರಲಿಲ್ಲ. ಮುಂದೆ ತಾವು ತಿನ್ನುವ ಒಂದೊಂದು ತುತ್ತಿನಲ್ಲೂ ಈ ಹೆಂಗಸಿನ ಋಣ ಇದೆ ಎಂಬುದು ಮಾತ್ರ ಅವರಿಗೆ ಗೊತ್ತಿತ್ತು.

"ನಿಂಗೆ ಎಂತ ಕೊಡ್ಲಿ ಕನ್ನಮ್ಮ?"

"ಎಂತದೂ ಬೇಡ್ರಾ. ಅಷ್ಟೆಲ್ಲ ಹೆಂಗಸ್ರನ್ನ ಬರೆದೆ, ಒಬ್ರ ಕಥೆನೂ ಪೂರಾ ಕೇಳ್ಲಿಲ್ಲ. ಒಂದಿನ ನಾನೂ ಬಂದು ಕೂರ್ಲಾ?"

ಸೋಮವಾರ ಕನ್ನಮ್ಮ ಒಗೆದ ಸೀರೆ ಉಟ್ಟು ಶಾಲೆಗೆ ಬಂದಳು. ಹಿಂದಿನ ಸಾಲಿನಲ್ಲಿ ಮೊಮ್ಮಗನ ಪಕ್ಕ ಕೂತು ಎಲ್ಲ ಕೇಳಿದಳು. ನಗಬೇಕಾದಲ್ಲಿ ನಕ್ಕಳು, ಸತ್ಯಭಾಮಾಬಾಯಿ ಗಂಡ ಜೈಲಿನಿಂದ ಬರುವ ಮುಂಚೆಯೇ ತೀರಿಕೊಂಡಳು ಎಂದಾಗ ಮೂಗು ಒರೆಸಿಕೊಂಡಳು. ಆಮೇಲೆ ಯಾರೂ ಕರೆಯದೆ ಎದ್ದು ಮುಂದೆ ಬಂದು, ಸೆರಗು ತಲೆ ಮೇಲೆ ಎಳೆದುಕೊಂಡಳು.

"ನಮ್ಮನೇರಿಗೆ ಒಂದಕ್ಷರ ಬರ್ತಿರ್ಲಿಲ್ಲ" ಎಂದು ಶುರುಮಾಡಿದಳು. "ಈ ಶಾಲೆ ಕಟ್ಟುವಾಗ ಹೆಂಚಿನ ಗಾಡಿ ಕೆಸರಾಗೆ ಹೂತು ಹೋತು. ಎಲ್ರೂ ಮನೆಗೆ ಹೋದ್ರು. ನಮ್ಮನೇರು ಹೋಗ್ಲಿಲ್ಲ, ಅಷ್ಟೂ ಹೆಂಚು ತಲೆ ಮೇಲೆ ಹೊತ್ತು ತಂದ್ರು. ಮಕ್ಳು ಮಗ್ಗಿ ಹೇಳೋದು ಕೇಳಿದ್ರೆ ಗದ್ದೆ ಹೂಡೋದು ಬಿಟ್ಟು ಅಲ್ಲೇ ನಿಂತುಬಿಡ್ತಿದ್ರು. ನಾನು ಬೈತಿದ್ದೆ."

ಮಕ್ಕಳು ಗೋಡೆಯ ತುಂಬ ಹುಡುಕಿದರು. "ತಿಲಕರಾ?" ಎಂದ ಒಬ್ಬ. ಕನ್ನಮ್ಮ ತಲೆ ಅಲ್ಲಾಡಿಸಿದಳು. ಅಕ್ಕೋರಿಗೆ ತಿಳಿದುಹೋಗಿತ್ತು, ಅವರು ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಗುತ್ಯಪ್ಪ ಎದ್ದು ನಿಂತ.

"ನಮ್ಮಜ್ಜ! ಬೆಳ್ಳಪ್ಪ!"

"ಬೆಳ್ಳಪ್ಪ!" ಎಂದು ಇಡೀ ಕ್ಲಾಸು ಕೂಗಿತು.

ಕನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಸೆರಗಿನ ಹಿಂದೆ ನಗುತ್ತಲೂ ಇದ್ದಳು.

"ಇನ್ನೊಂದ್ ಸಲ ಹೇಳ್ರಾ ಮಕ್ಳೆ" ಎಂದಳು.