ಗೌರವಾನ್ವಿತ ಗೌರವ್ವನವರು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಪೇಪರು ಹಾಸಿಕೊಂಡು ಶೇಂಗಾ ಸುಲಿಯುತ್ತ ಕೂತಿದ್ದಳು. ಸಿಪ್ಪೆಯ ಗುಡ್ಡೆಯ ಕೆಳಗಿಂದ ಒಂದು ಸುದ್ದಿ ಇಣುಕುತ್ತಿತ್ತು. ಯಾವುದೋ ಊರಿನ ಸಮಾರಂಭದಲ್ಲಿ ಯಾರದೋ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಬಿಟ್ಟುಹೋಗಿ, ವೇದಿಕೆಯ ಮೇಲೆ ಕುರ್ಚಿ ಹಾರಾಡಿ, ಕಡೆಗೆ ಪೊಲೀಸರು ಬಂದರಂತೆ. ಓದುತ್ತ ಓದುತ್ತ ನನಗೆ ನಗು ಬಂತು.

"ಮಂದಿ ಬಡದಾಡಿದ್ದು ಓದಿ ನಗತೀರಲ್ರಿ" ಎಂದಳು.

ನಾನು ನಕ್ಕದ್ದು ಆ ಜಗಳಕ್ಕಲ್ಲ, ಆಗಲೇಬೇಕಾಗಿದ್ದು ಆಗದೇ ಹೋದ ಇನ್ನೊಂದು ಜಗಳ ನೆನಪಾಗಿ. ಆದ ಜಗಳಗಳನ್ನು ಬರೆಯಲು ಪೇಪರಿನವರಿದ್ದಾರೆ. ಆಗದ ಜಗಳವನ್ನು ಯಾರು ಬರೆಯಬೇಕು? ಅದಕ್ಕೆ ಕಾರಣನಾದವನೇ ಬರೆಯಬೇಕಲ್ಲವೇ? ಹಾಗಾಗಿ ನೀವು ಸ್ವಲ್ಪ ಹೊತ್ತು ನನ್ನ ಜೊತೆ ಕೂಡಿ.

ಬಾಗಲಕೋಟೆ ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಮಾಸ್ತರಿಕೆ ಹೊಟ್ಟೆಪಾಡಾದರೆ ಸಭೆ ಸಮಾರಂಭಗಳ ನಿರೂಪಣೆ ನನ್ನ ಹುಚ್ಚು. ಮೈಕು ಕೈಗೆ ಬಂತೆಂದರೆ ಪ್ರಾಸವಿಲ್ಲದೆ ನನ್ನ ಬಾಯಿಂದ ಯಾರ ಹೆಸರೂ ಹೊರಡುತ್ತಿರಲಿಲ್ಲ. ಇಳಕಲ್ಲಿನಿಂದ ಬಂದ ಅತಿಥಿಯೊಬ್ಬರನ್ನು 'ಇಂಪಾದ ಇಳಕಲ್ಲ ಸೀರೆಯ ಊರಿನವರು' ಎಂದು ಕರೆದಿದ್ದೆ. ಸೀರೆ ಇಂಪಾಗಿರುವುದು ಹೇಗೆ ಎಂದು ಯಾರೂ ಕೇಳಲಿಲ್ಲ, ಚಪ್ಪಾಳೆ ಬಿತ್ತು. ಅಂಥ ಚಪ್ಪಾಳೆಗಳೇ ನನ್ನನ್ನು ಹಾಳು ಮಾಡಿದ್ದು.

ಇದು ಏಳೆಂಟು ವರ್ಷದ ಹಿಂದಿನ ಮಾತು. ಹುನಗುಂದದ ಆಚೆಯ ಒಂದು ಹಳ್ಳಿಯಲ್ಲಿ ಒಂಬತ್ತು ವರ್ಷ ಒಬ್ಬನೇ ಇದ್ದು, ವಾರಕ್ಕೊಮ್ಮೆ ಹೆಂಡತಿ ಮಕ್ಕಳ ಮುಖ ನೋಡಿ, ಕಂಡವರ ಕೈಕಾಲು ಹಿಡಿದು ನಮ್ಮ ಮನೆಯಿರುವ ಕೆರೂರಿನ ಹತ್ತಿರದ ಊರಿಗೆ ವರ್ಗ ಮಾಡಿಸಿಕೊಂಡಿದ್ದೆ. ದಿನಾ ಸಂಜೆ ಮನೆಗೆ ಬಂದು ಬಿಸಿ ರೊಟ್ಟಿ ಉಣ್ಣುವ ಭಾಗ್ಯಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಆ ಊರಿನಲ್ಲಿ ಎರಡು ಪಾರ್ಟಿ. ಯಾವ ಊರಿನಲ್ಲಿಲ್ಲ ಹೇಳಿ? ಆದರೆ ಇಲ್ಲಿ ಚಹಾದ ಅಂಗಡಿಯೂ ಎರಡು, ಕ್ಷೌರದ ಅಂಗಡಿಯೂ ಎರಡು. ಹೋದ ಹೊಸತರಲ್ಲಿ ಗೊತ್ತಿಲ್ಲದೆ ಒಂದು ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಂಡೆ. ಇನ್ನೊಂದು ಪಾರ್ಟಿಯವರು ಒಂದು ವಾರ ನನ್ನ ನಮಸ್ಕಾರಕ್ಕೆ ನಮಸ್ಕಾರ ಹೇಳಲಿಲ್ಲ. ಆಮೇಲೆ ಮನೆಯಲ್ಲೇ ಗಡ್ಡ ಮಾಡಿಕೊಳ್ಳತೊಡಗಿದೆ.

ಪಂಚಾಯ್ತಿಯ ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ಒಂದು ಪಾರ್ಟಿಯಿಂದ ಗಂಗವ್ವ, ಇನ್ನೊಂದರಿಂದ ಗೌರವ್ವ. ಗಂಗವ್ವ ಒಂದೇ ಒಂದು ಮತದಿಂದ ಗೆದ್ದರು. ಹತ್ತು ಮತದಿಂದ ಸೋತವರು ಮರೆಯುತ್ತಾರೆ. ಒಂದು ಮತದ ಸೋಲು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ, ಸುಮ್ಮನಿರಲು ಬಿಡುವುದಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆರು ತಿಂಗಳ ಮೇಲೆ ಊರಿಗೆ ಕುಡಿಯುವ ನೀರಿನ ಘಟಕ ಬಂತು. ಉದ್ಘಾಟನೆ ನಮ್ಮ ಶಾಲೆಯ ಅಂಗಳದಲ್ಲಿ, ನಿರೂಪಣೆ ನನ್ನದು. ಮುಂದಿನ ಸಾಲಿನ ಆ ತುದಿಗೆ ಗಂಗವ್ವ, ಈ ತುದಿಗೆ ಗೌರವ್ವ. ಮೊದಲು ಅಧ್ಯಕ್ಷರನ್ನು ವೇದಿಕೆಗೆ ಕರೆದು ಉಡಿ ತುಂಬಬೇಕು. ಬಾದಾಮಿಯ ತಾಲೂಕು ಕಚೇರಿಯಿಂದ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಗುಳೇದಗುಡ್ಡದ ಕುಪ್ಪಸದ ಖಣ ಇಟ್ಟ ತಾಟು ಹಿಡಿದು ವೇದಿಕೆಯ ಮೇಲೆ ಸಿದ್ಧರಾಗಿದ್ದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

"ಗ್ರಾಮದ ಗರಿಮೆ, ಗ್ರಾಮದ ಗೌರವ, ಗೌರವಾನ್ವಿತ ಅಧ್ಯಕ್ಷರಾದ ಶ್ರೀಮತಿ ಗೌರವ್ವನವರು ವೇದಿಕೆಗೆ ಬರಬೇಕು!"

ಗೌರವ, ಗೌರವ ಎಂದು ಉರುಳುತ್ತ ಹೋದ ನಾಲಿಗೆ ಗಂಗವ್ವನ ಕಡೆ ಹೊರಳದೆ ನೆಟ್ಟಗೆ ಗೌರವ್ವನಲ್ಲಿಗೆ ಹೋಗಿ ನಿಂತಿತ್ತು. ನನಗಾದರೂ ಎಲ್ಲಿ ಗೊತ್ತಾಯಿತು? ಚಪ್ಪಾಳೆಗಾಗಿ ಕಾಯುತ್ತ ನಿಂತಿದ್ದೆ. ಚಪ್ಪಾಳೆ ಬರಲಿಲ್ಲ. ಎರಡೂ ಪಾರ್ಟಿಯವರು ಒಮ್ಮೆಗೇ ಸುಮ್ಮನಾದದ್ದು ಆ ಊರಿನಲ್ಲಿ ಅದೇ ಮೊದಲಿರಬೇಕು.

ಗೌರವ್ವ ದಡದಡ ಮೆಟ್ಟಿಲು ಹತ್ತಿದರು. ಹತ್ತಿದ್ದು ನನ್ನನ್ನು ಬೈಯಲಿಕ್ಕೆ.

"ಏನ್ರಿ ಮಾಸ್ತರ, ಸೋತಾಕಿನ್ನ ಕರದು ಚ್ಯಾಷ್ಟಿ ಮಾಡ್ತೀರೇನು?"

ಅಷ್ಟರಲ್ಲಿ, ಊರಿನ ಸಂಗತಿ ತಿಳಿಯದ ಆ ಹೆಣ್ಣುಮಕ್ಕಳು ಗೌರವ್ವನ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿಯೇಬಿಟ್ಟರು. ಉಡಿ ತುಂಬಲು ಬಂದರೆ ಬೇಡ ಎನ್ನುವ ಮುತ್ತೈದೆ ನಮ್ಮ ಕಡೆ ಇಲ್ಲ. ಬಾಯಿ ನನ್ನನ್ನು ಬೈಯುತ್ತಲೇ ಇತ್ತು, ಕೈ ತಾನಾಗಿ ಸೆರಗು ಒಡ್ಡಿತ್ತು.

ಗಂಗವ್ವನ ಗಂಡ ಯಮನಪ್ಪ ಎದ್ದು ನಿಂತ. "ಏ ಮಾಸ್ತರ! ಯಾರ ಹೇಳಿಕೊಟ್ಟಾರ ನಿನಗ?" ಅವನ ಹಿಂದೆ ಹತ್ತು ಮಂದಿ ಎದ್ದರು. ಅವರೆದ್ದರೆಂದು ಆ ಕಡೆಯ ಹದಿನೈದು ಮಂದಿ ಎದ್ದರು. ನನ್ನ ಕಣ್ಣ ಮುಂದೆ ಹುನಗುಂದದ ಬಸ್ಸು ಬಂದು ನಿಂತಿತು.

ಆಗ ಗಂಗವ್ವ ಎದ್ದರು. "ನೀವು ಕುಂದರ್ರಿ" ಎಂದು ಗಂಡನಿಗೆ ಹೇಳಿದರು. "ಅಧ್ಯಕ್ಷಿ ನಾನೋ, ನೀವೋ?" ಹೆಂಗಸರ ಕಡೆಯಿಂದ ಕಿಸಕ್ಕನೆ ನಗು ಬಂತು. ಯಮನಪ್ಪ ಕೂತ. ಗಂಗವ್ವ ಮೆಟ್ಟಿಲು ಹತ್ತಿ ಬಂದು ಆ ಹೆಣ್ಣುಮಕ್ಕಳಿಗೆ ಹೇಳಿದರು: "ತುಂಬಿದ ಉಡಿ ಹೊಳ್ಳಿ ತಗೊಳ್ಳಾಕ ಬರ್ತೈತೇನು? ಆಕಿದು ಆಕಿಗೆ ಇರ್ಲಿ. ನನಗ ಬ್ಯಾರೆ ತುಂಬ್ರಿ."

ಬೇರೆ ಎಲ್ಲಿಂದ ತುಂಬುವುದು? ತಂದದ್ದೇ ಒಂದು. ಅವರಿಬ್ಬರೂ ಖಾಲಿ ತಾಟು ನೋಡುತ್ತ ನಿಂತಾಗ ಗೌರವ್ವ ನನ್ನ ಕೈಯಿಂದ ಮೈಕು ಕಸಿದುಕೊಂಡರು.

"ಕರದಾರ, ಬಂದೇನಿ. ಬಂದ ಮ್ಯಾಲ ಒಂದ ಮಾತ ಹೇಳ್ತೇನಿ. ಇಲ್ಲಿ ನೀರಿನ ಮಷೀನ ಚಾಲೂ ಮಾಡಾಕತ್ತೀರಿ, ಚೊಲೊ ಆತು. ಅಗಸಿ ಆಚಿ ನಮ್ಮ ಓಣ್ಯಾಗ ನಳಕ್ಕ ನೀರ ಇಲ್ಲದ ನಾಕ ತಿಂಗಳಾತು. ಅಧ್ಯಕ್ಷರು ನನ್ನ ಮಾರಿ ನೋಡೂದಿಲ್ಲ, ನಾ ಅವರ ಮನಿಗೆ ಹೋಗೂದಿಲ್ಲ. ನಡುವ ನೀರ ಏನ್ ಪಾಪ ಮಾಡೇತಿ?"

ಗಂಗವ್ವ ಮೈಕಿನ ಕಡೆ ಬಾಗಿದರು. "ನಾಕ ತಿಂಗಳಾತಾ? ನನಗ ಯಾರೂ ಹೇಳಿಲ್ಲಲ್ಲವಾ."

"ಹೆಂಗ ಹೇಳ್ಲಿ? ಮಾತ ಬಿಟ್ಟೇವಲ್ಲ!"

"ಈಗ ಆಡಿದ್ಯಲ್ಲ. ಸೋಮಾರ ಪೈಪ ಹಾಕಸ್ತೇನಿ. ಹಾಕಸಲಿಲ್ಲಂದ್ರ ಮಂಗಳಾರ ಮತ್ತ ಬಂದು ಈ ಮಾಸ್ತರ ಕೈಯಾಗಿಂದ ಮೈಕ ಕಸಗೊ."

ಇಡೀ ಅಂಗಳ ನಕ್ಕಿತು. ಎದ್ದವರು ಯಾಕೆ ಎದ್ದಿದ್ದೆವು ಎಂಬುದೇ ಮರೆತವರ ಹಾಗೆ ಕೂತರು. ಗೌರವ್ವ ತಮ್ಮ ಉಡಿಯೊಳಗಿನ ಅಕ್ಕಿ, ಉತ್ತತ್ತಿ, ತೆಂಗಿನಕಾಯಿ ತೆಗೆದು ಗಂಗವ್ವನ ಉಡಿ ತುಂಬಿದರು. "ಖಣ ಮಾತ್ರ ಕೊಡಂಗಿಲ್ಲ, ಬಣ್ಣ ಭಾಳ ಚಂದೈತಿ" ಎಂದರು. ಆಗ ಬಿದ್ದ ಚಪ್ಪಾಳೆಯಂಥ ಚಪ್ಪಾಳೆ ನನ್ನ ಯಾವ ಪ್ರಾಸಕ್ಕೂ ಬಿದ್ದಿರಲಿಲ್ಲ.

ಮರುದಿನ ಪೇಪರಿನಲ್ಲಿ ಎರಡೇ ಸಾಲು, ಘಟಕ ಉದ್ಘಾಟನೆಯಾಯಿತೆಂದು. ನಾನು ಮಾತ್ರ ವರ್ಗದ ಆದೇಶ ಇವತ್ತು ಬಂತು, ನಾಳೆ ಬಂತು ಎಂದು ದಿನ ಎಣಿಸುತ್ತಿದ್ದೆ. ಬುಧವಾರ ಗೌರವ್ವ ಶಾಲೆಗೆ ಒಂದು ತಂಬಿಗೆ ನೀರು ಹಿಡಿದುಕೊಂಡು ಬಂದರು. "ನಮ್ಮ ಓಣಿ ನಳದ್ದು, ಕುಡೀರಿ ಮಾಸ್ತರ" ಎಂದರು. ಗಟಗಟ ಕುಡಿದೆ. ಆ ಸಂತೋಷವನ್ನು ಹೇಗೆ ಹೇಳಲಿ? ಅಂದು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಆ ಊರಿನಲ್ಲಿ ಪಾರ್ಟಿಗಳು ಈಗಲೂ ಎರಡೇ, ಕ್ಷೌರದ ಅಂಗಡಿಗಳೂ ಎರಡೇ. ಆದರೆ ಈಗ ಅಧ್ಯಕ್ಷರು ಗೌರವ್ವ, ಸೋತವರು ಗಂಗವ್ವ. ಇದನ್ನೆಲ್ಲ ಬರೆಯುತ್ತ ಕೂತಿದ್ದಾಗ ಮಧ್ಯಾಹ್ನ ಗೌರವ್ವನ ಫೋನು ಬಂತು.

"ಸರ, ಐತವಾರ ನಮ್ಮ ಸಾಲ್ಯಾಗ ಹೊಸಾ ಖೋಲಿ ಉದ್ಘಾಟನಿ ಐತ್ರಿ. ನಿರೂಪಣಿಗೆ ನೀವ ಬರಬೇಕು."

"ಬರ್ತೇನ್ರಿ ಅವ್ವಾರ. ಈ ಸಲ ಹೆಸರ ತಪ್ಪಂಗಿಲ್ಲ, ಕಾಳಜಿ ಬಿಡ್ರಿ."

"ತಪ್ಪಬೇಕ್ರಿ! ಅದಕ್ಕ ನಿಮ್ಮನ್ನ ಕರ್ಯಾಕತ್ತೇನಿ. ಅಧ್ಯಕ್ಷರು ಅಂತ ಗಂಗವ್ವನ್ನ ಕರೀರಿ. ಸೋತಾಗಿಂದ ಆಕಿ ಮೀಟಿಂಗಿಗೆ ಬಂದ್ರೂ ಬಾಯಿ ಬಿಡೂದಿಲ್ಲ. ಸೋತಾಕಿ ಕೈಗೆ ಮೈಕ ಸಿಗೂದಂದ್ರ ಏನಂತ ನನಗ ಗೊತ್ತೈತ್ರಿ."

ಹೂಂ ಎಂದಷ್ಟೇ ಹೇಳಿ ಫೋನಿಟ್ಟೆ.

ಈಗ ಹಿತ್ತಲಿನಲ್ಲಿ ನಿಂತು ತಾಲೀಮು ಮಾಡುತ್ತಿದ್ದೇನೆ, ಹೆಂಡತಿ ಎದುರಿಗೆ ಕೂತಿದ್ದಾಳೆ. "ಗ್ರಾಮದ ಗೌರವ, ಗೌರವಾನ್ವಿತ ಅಧ್ಯಕ್ಷರಾದ ಶ್ರೀಮತಿ ಗೌರ..." ಎನ್ನುತ್ತಲೂ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ.

"ಅಯ್ಯ, ಮತ್ತ ಸರಿ ಅಂದ್ರಲ್ರಿ! ಇನ್ನೊಮ್ಮೆ ಹೇಳ್ರಿ."